ಎರಡನೆಯ ಸುಣ್ಣದ ಡಬ್ಬಿ

ಆಯಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಬಿದ್ದಿದ್ದಳು. ಹಿಟ್ಟು ಅಳೆಯುವ ಸೇರು ಇನ್ನೂ ಕೈಯಲ್ಲಿತ್ತು. ಜೋಳದ ಹಿಟ್ಟು ನೆಲದ ತುಂಬ ಚೆಲ್ಲಿತ್ತು. ಕಣ್ಣು ತೆರೆದಿದ್ದವು. ಉಸಿರು ತುಂಡು ತುಂಡಾಗಿ ಬರುತ್ತಿತ್ತು.

ಬೆಳಗಿನ ಐದೂವರೆ. ಹಿಂದಿನ ಖೋಲಿಯಿಂದ ನಾನು ಆಗಷ್ಟೇ ಅಡುಗೆಮನೆಗೆ ಬಂದಿದ್ದೆ. ಎತ್ತಲು ಬಗ್ಗಿದೆ.

“ಮುಟ್ಟಬ್ಯಾಡ,” ಅಂದಳು. “ಹಿಟ್ಟು ತಗೀಲಿಕ್ಕೆ ಬಗ್ಗಿದೆ. ಬೆನ್ನಾಗ ಕಟ್ ಅಂತು.”

ನಾನು ಮೆಟ್ಟಿಲ ಬಳಿ ಓಡಿ ಕೂಗಿದೆ. ಮೊದಲು ಇಳಿದು ಬಂದವಳು ಆಯಿಯ ಸೊಸೆ ಮಾಧುರಿ ವೈನಿ. ಮದುವೆಗೆ ಮುಂಚೆ ಅವಳು ದವಾಖಾನೆಯೊಂದರಲ್ಲಿ ನರ್ಸಿನ ಕೈಕೆಳಗೆ ಕೆಲಸ ಮಾಡಿದ್ದಳು. ಯಾರಿಗೂ ಎತ್ತಲು ಬಿಡಲಿಲ್ಲ. ಊಟದ ಮೇಜಿನ ಹಲಗೆ ಬಿಚ್ಚಿಸಿ, ಆಯಿಯನ್ನು ಅಲುಗದಂತೆ ಅದರ ಮೇಲೆ ಸರಿಸಿ, ಆಂಬುಲೆನ್ಸಿಗೆ ತಾನೇ ಫೋನ್ ಮಾಡಿದಳು. ಮನೆಯ ವಿಳಾಸವನ್ನೇ ತಪ್ಪಾಗಿ ಹೇಳಿ, ಮತ್ತೆ ತಿದ್ದಿದಳು. ಅತ್ತೆಯ ಚಿಂತೆ ಎಂದುಕೊಂಡೆ.

ಮರಾಠಿ ಸೀಮೆಯ ಈ ವಾಕಡದಲ್ಲಿ ಭೀಮವ್ವನ ಖಾನಾವಳಿ ಎಂದರೆ ಹಿಂಜವಾಡಿಯ ಕಂಪನಿಗಳ ಕನ್ನಡದ ಹುಡುಗರಿಗೆಲ್ಲ ಗೊತ್ತು. ಕೆಳಗೆ ಖಾನಾವಳಿ, ಮೇಲೆ ಮನೆ. ಆ ಭೀಮವ್ವನೇ ನಮ್ಮ ಆಯಿ, ಇಂಡಿ ಕಡೆಯವಳು. ನಾನೂ ಅದೇ ಕಡೆಯವಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ಆರು ವರ್ಷದಿಂದ ನಾವಿಬ್ಬರೂ ಎದುರುಬದುರು ಕೂತು ಬಡಿದಿದ್ದೇವೆ. ಕೀಲುವಾತದಿಂದ ಅವಳ ಬೆರಳ ಗೆಣ್ಣು ಊದಿರುತ್ತಿದ್ದವು. ಆದರೂ ಅವಳ ರೊಟ್ಟಿಯ ದುಂಡು ನನಗೆ ಇನ್ನೂ ಬಂದಿಲ್ಲ.

ಹತ್ತು ಗಂಟೆಗೆ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಎತ್ತಿ ತೋರಿಸಿದರು. ಬೆನ್ನೆಲುಬಿನ ಮೂರು ಮಣಿಗಳು ಕುಸಿದಿದ್ದವು. ಯಾವ ಔಷಧಿ ನಡೆದಿದೆ ಎಂದು ಕೇಳಿದರು. ವೈನಿ ಫೈಲು ತೆಗೆದುಕೊಟ್ಟಳು. ಆರು ತಿಂಗಳಿಗೊಮ್ಮೆ ಎಲುಬಿನ ಇಂಜೆಕ್ಷನ್. ಇದುವರೆಗೆ ಏಳು. ಏಳೂ ಡಬ್ಬಿಗಳ ಚೀಟಿ ಫೈಲಿನಲ್ಲಿ ಅಂಟಿಸಿತ್ತು. ಕೊನೆಯದು ಎರಡು ತಿಂಗಳ ಹಿಂದೆ. ಐದನೆಯದರ ನಂತರ ತೆಗೆಸಿದ ಸ್ಕ್ಯಾನಿನಲ್ಲಿ ಎಲುಬು ಗಟ್ಟಿಯಾಗಿವೆ ಎಂದು ಬರೆದಿತ್ತು.

ಡಾಕ್ಟರು ಫೈಲು ಮುಚ್ಚಿದರು. ಇಂಥ ಔಷಧಿ ಮೈಯಲ್ಲಿರುವವರಿಗೆ ಒಂದು ಸೇರು ಹಿಟ್ಟಿಗೆ ಬಗ್ಗಿದ್ದಕ್ಕೆ ಮೂರು ಮಣಿ ಕುಸಿಯುವುದಿಲ್ಲ, ಜೋರಾಗಿ ಯಾರೋ ನೂಕಿರಬೇಕು, ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದರು.

ಮಗ ಶಿವಪ್ರಕಾಶಣ್ಣ ಭೋಸರಿಯ ಕಾರ್ಖಾನೆಯಿಂದ ಡ್ಯೂಟಿ ಬಟ್ಟೆಯಲ್ಲೇ ಓಡಿ ಬಂದಿದ್ದ. ಅವನು ನನ್ನ ಕಡೆ ತಿರುಗಿದ.

“ನಿನ್ನೆ ಸಂಜಿ ಅವ್ವನ ಜೋಡಿ ಜಗಳಾಡಿದಾಕಿ ನೀನ. ಮುಂಜಾನೆ ಅಲ್ಲಿ ಇದ್ದಾಕಿನೂ ನೀನ.”

ನಾನು ವೈನಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಆಕಿ ಅಂಥಾಕಿ ಅಲ್ರೀ,” ಅಂದಳು, ಬಹಳ ಸಣ್ಣ ದನಿಯಲ್ಲಿ. ಡಾಕ್ಟರು ಮುಚ್ಚಿಟ್ಟ ಫೈಲನ್ನು ಚೀಲಕ್ಕೆ ಹಾಕಿಕೊಂಡಳು.

* * *

ಚೌಕಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ನೀತಾ ಬಿರಾಜದಾರ ಮರಾಠಿಯಲ್ಲಿ ಹೆಸರು, ಊರು ಕೇಳಿದರು. ಇಂಡಿ ಎಂದ ಕೂಡಲೇ ಪೆನ್ನು ಕೆಳಗಿಟ್ಟರು.

“ಕನ್ನಡದಾಗ ಹೇಳು. ನಂದು ಅಕ್ಕಲಕೋಟ.”

ಹೇಳಿದೆ. ಹಿಂಜವಾಡಿಯ ಕಂಪನಿ ಕ್ಯಾಂಟೀನಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳು ಹೋಗುತ್ತೇನೆ ಎಂದು ಆಯಿಗೆ ತಿಳಿಸಿದ್ದೆ. ಆಯಿ ಬೈದಳು. ನಾನು ರೊಟ್ಟಿಯ ಮಣೆ ನೆಲಕ್ಕೆ ಬಡಿದೆ. ಆ ಸಪ್ಪಳ ಮೇಲಿನ ಮನೆಗೂ ಕೇಳಿತ್ತು.

“ಮಣಿ ಬಡಿಯೂವಷ್ಟು ಸಿಟ್ಟು ಯಾರ ಮ್ಯಾಲ?”

“ನನ್ನ ಮ್ಯಾಲರಿ. ಹೋಗಬೇಕು ಅನಿಸ್ತಿತ್ತು, ಬಿಡಬಾರದು ಅಂತನೂ ಅನಿಸ್ತಿತ್ತು.”

“ಅದಕ್ಕ ಮುಂಜಾನೆ ನೂಕಿದಿ.”

“ಇಲ್ರಿ. ತಾನ ಬಗ್ಗಿದೆ ಅಂತ ಆಯಿನ ಹೇಳ್ತಾಳ್ರಿ.”

ಮ್ಯಾಡಮ್ ನಕ್ಕರು. ಖುಷಿಯ ನಗೆಯಲ್ಲ.

“ಹೊಡಿಸಿಕೊಂಡವರೆಲ್ಲಾ ಬಾತ್‌ರೂಮಿನ್ಯಾಗ ಜಾರಿ ಬಿದ್ದಿರ್ತಾರ, ತಂಗಿ. ಹನ್ನೆರಡು ವರ್ಷ ಆತು ಅದನ್ನ ಕೇಳ್ಲಿಕತ್ತು. ಮುದುಕಿಗೆ ನಿನ್ನ ಮ್ಯಾಲ ಜೀವ ಅದ. ಮುಚ್ಚಿಡ್ತಾಳ.”

ವಾಕಡ ಬಿಟ್ಟು ಹೋಗಬಾರದು, ಫೋನ್ ಬಂದರೆ ಎತ್ತಬೇಕು ಎಂದು ಹೇಳಿ ಕಳಿಸಿದರು. ಕ್ಯಾಂಟೀನಿನವರಿಗೆ ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು. ಪೊಲೀಸ್ ಕೇಸಿನ ಹುಡುಗಿ ಬೇಡ ಎಂದು ಮೆಸೇಜ್ ಬಂತು. ಊರಲ್ಲಿ ಅವ್ವನಿಗೆ ಈ ಮಾತು ಮುಟ್ಟಲು ಎಷ್ಟು ದಿನ ಬೇಕು ಎಂದು ಯೋಚಿಸಿದೆ. ಎರಡು. ಹೆಚ್ಚೆಂದರೆ ಮೂರು.

* * *

ಖಾನಾವಳಿ ನಿಲ್ಲಿಸುವಂತಿರಲಿಲ್ಲ. ತಿಂಗಳ ಊಟದವರು ಅರವತ್ತು ಮಂದಿ. ಬಂದವರು ತಟ್ಟೆ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು. ನನ್ನ ರೊಟ್ಟಿ ಎಲ್ಲ ಅಂಚಿನಲ್ಲಿ ಹರಿಯುತ್ತಿದ್ದವು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ.

ಮಧುಕರ್ ಸರ್ ಎಂದಿನಂತೆ ಕೊನೆಯಲ್ಲಿ ಬಂದರು. ಮಂಡ್ಯದವರು. ಹಿಂಜವಾಡಿಯ ಒಂದು ಪ್ರಯೋಗಾಲಯದಲ್ಲಿ ಎಲುಬಿನ ಮೇಲೆ ಸಂಶೋಧನೆ ಮಾಡುತ್ತಾರೆ. ಕಟಕ್ ರೊಟ್ಟಿಯನ್ನು ಬಿಸ್ಕೆಟ್ ಅನ್ನುತ್ತಾರೆಂದು ಆಯಿ ಅವರಿಗೆ “ಮುದ್ದಿ ಸಾಹೇಬ್ರ” ಎಂದೇ ಹೆಸರಿಟ್ಟಿದ್ದಳು. ಅವರೊಬ್ಬರೇ ನನ್ನ ಕೈ ನೋಡದೆ ಮುಖ ನೋಡಿ ಏನಾಯಿತು ಎಂದು ಕೇಳಿದರು.

ಎಕ್ಸ್‌ರೇಯ ಮಾತು, ಇಂಜೆಕ್ಷನ್ನಿನ ಮಾತು ಹೇಳಿದೆ. ಅವರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

“ಲಾಸ್ಟ್ ಇಂಜೆಕ್ಷನ್ ಯಾವಾಗ ಕೊಟ್ಟಿದ್ದು?”

“ಎರಡು ತಿಂಗಳಾತ್ರಿ.”

“ಪಕ್ಕಾನಾ?”

“ಚೀಟಿ ಅದರಿ.”

“ಚೀಟಿ ಬಿಡು ಶೈಲಾ. ಒಳಗೆ ಹೋಗಿದ್ದು ಔಷಧಿನೇ ಅಂತ ಪಕ್ಕಾನಾ?”

ಅವರು ತಿಳಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಎಲುಬು ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಅದನ್ನು ತಿನ್ನುವ ಜೀವಕೋಶಗಳಿವೆ, ತಿಂದ ಜಾಗ ತುಂಬುವ ಜೀವಕೋಶಗಳಿವೆ. ದಿನವೂ ಎರಡೂ ಕೆಲಸ ನಡೆದಿರುತ್ತದೆ. ತಿನ್ನುವ ಕೋಶಗಳು ತಾವಾಗಿ ಏಳುವುದಿಲ್ಲ. ರೋಗದೊಡನೆ ಹೋರಾಡುವ ನಮ್ಮ ಮೈಯ ಕಾವಲು ಕೋಶಗಳು ತಮ್ಮ ತಮ್ಮಲ್ಲಿ ಸಂದೇಶದ ಕಣಗಳನ್ನು ಕಳಿಸುತ್ತಿರುತ್ತವೆ. ಅಂಥ ಒಂದು ಕಣ ಎಲುಬಿಗೂ ಹೋಗಿ ತಿನ್ನುವವರನ್ನು ಎಬ್ಬಿಸುತ್ತದೆ. ಆಯಿಯದು ಕೀಲುವಾತ. ಅವಳ ಕಾವಲು ಕೋಶಗಳು ಶತ್ರುವಿಲ್ಲದೆಯೂ ಹಗಲಿರುಳು ಸಂದೇಶ ಕಳಿಸುತ್ತಲೇ ಇರುತ್ತವೆ. ಆರು ತಿಂಗಳ ಇಂಜೆಕ್ಷನ್ ಆ ಸಂದೇಶವನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ತಿನ್ನುವವರು ಮಲಗುತ್ತಾರೆ.

ಕ್ಯಾಲ್ಸಿಯಂದು ಇನ್ನೊಂದು ಲೆಕ್ಕ. ಎಲುಬನ್ನು ತಿಂದಾಗ ಅದರಲ್ಲಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ತಿಂದ ಗುಂಡಿಯಲ್ಲಿ ಅದು ಹೆಚ್ಚಾದರೆ, ಸಾಕು, ಜಾಗ ಬಿಡು ಎಂದು ತಿನ್ನುವ ಕೋಶಕ್ಕೇ ಹೇಳುತ್ತದೆ. ಇಂಜೆಕ್ಷನ್ನಿನಿಂದ ತಿನ್ನುವುದೇ ನಿಂತಾಗ ರಕ್ತದ ಕ್ಯಾಲ್ಸಿಯಂ ಇಳಿಯಬಹುದು. ಅದಕ್ಕೇ ಜೊತೆಗೆ ಗುಳಿಗೆ ಕೊಡುತ್ತಾರೆ.

“ಇಂಜೆಕ್ಷನ್ ತಪ್ಪಿದ್ರ?”

“ತುಂಬಾ ಡೇಂಜರ್. ಮಲಗಿದ್ದವೆಲ್ಲ ಒಟ್ಟಿಗೇ ಏಳ್ತವೆ. ಗಟ್ಟಿ ಮಾಡಿದ್ದನ್ನೆಲ್ಲ ತಿಂದು ಹಾಕ್ತವೆ. ಫಸ್ಟ್ ಹೋಗೋದೇ ಬೆನ್ನಿನ ಮಣಿಗಳು. ಬಗ್ಗಿದ್ರೆ ಸಾಕು.”

ಬಗ್ಗಿದರೆ ಸಾಕು. ಆಯಿ ಹೇಳಿದ್ದು ಅದನ್ನೇ.

ಒಂದು ರಕ್ತಪರೀಕ್ಷೆ ಇದೆ ಎಂದರು. ತಿಂದ ಎಲುಬಿನ ಚೂರು ರಕ್ತದಲ್ಲಿ ಎಷ್ಟಿದೆ ಎಂದು ಅದು ತೋರಿಸುತ್ತದೆ. ಔಷಧಿ ಮೈಯಲ್ಲಿದ್ದರೆ ಚೂರು ಇಲ್ಲವೆನ್ನುವಷ್ಟು ಕಡಿಮೆ ಇರಬೇಕು.

ಪೊಲೀಸರಿಗೆ ನಾನಾಗಿ ಫೋನ್ ಮಾಡುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ. ನಂಬರ್ ಒತ್ತಿ ಎರಡು ಸಲ ಕತ್ತರಿಸಿದೆ. ಮೂರನೆಯ ಸಲ ಮ್ಯಾಡಮ್ ಅವರೇ ತಿರುಗಿ ಮಾಡಿದರು.

“ಏನು, ತಪ್ಪಿಸಿಕೊಂಡು ಹೋಗೂಕಿಂತ ಮುಂಚೆ ಹೇಳಿ ಹೋಗಬೇಕಂತ ಮಾಡೀಯೇನು?”

“ಅಲ್ರಿ. ಆಯಿದು ರಕ್ತ ತಪಾಸಣಿ ಮಾಡಿಸ್ರಿ.”

* * *

ಎರಡು ದಿನಕ್ಕೆ ವರದಿ ಬಂತು. ರಕ್ತದಲ್ಲಿ ಎಲುಬಿನ ಚೂರು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕ್ಯಾಲ್ಸಿಯಂ ಕೂಡ ಮೇಲಿನ ಗೆರೆ ದಾಟಿತ್ತು. ಒಂದು ತಿಂಗಳಿಂದ ಆಯಿ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ನಾನು ಚಟ್ನಿಗೆ ಖಾರ ಜಾಸ್ತಿ ಹಾಕುತ್ತೇನೆಂದು ದಿನಾ ಬೈಯುತ್ತಿದ್ದಳು. ಕ್ಯಾಲ್ಸಿಯಂ ಏರಿದರೆ ಬಾಯಾರುತ್ತದೆ ಎಂದು ಡಾಕ್ಟರು ಹೇಳಿದರು. ನೂಕಿರಬೇಕು ಎಂದವರೂ ಅವರೇ. ಈಗ ಫೈಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಆಯಿಯ ಮೈಯಲ್ಲಿ ಔಷಧಿಯೇ ಇರಲಿಲ್ಲ.

ನೀತಾ ಮ್ಯಾಡಮ್ ಮೊದಲು ಹಿಡಿದದ್ದು ಸುಹಾಸನನ್ನು. ಮೂಲೆಯ ಮೆಡಿಕಲ್ ಅಂಗಡಿಯವನು. ಏಳೂ ಇಂಜೆಕ್ಷನ್ ಅವನೇ ತರಿಸಿಕೊಟ್ಟದ್ದು. ನಕಲಿ ಮಾಲು ಎಂದು ಓಣಿಯೆಲ್ಲ ಗುಲ್ಲಾಯಿತು. ಶಿವಪ್ರಕಾಶಣ್ಣ ಅವನ ಅಂಗಡಿಯ ಗಾಜು ಒಡೆಯಲು ಹೋಗಿದ್ದನಂತೆ. ನನಗೆ ಎರಡು ದಿನ ಉಸಿರಾಡಿದಂತಾಯಿತು. ಆ ಎರಡು ದಿನ ರೊಟ್ಟಿ ಹರಿಯಲಿಲ್ಲ.

ಮೂರನೆಯ ದಿನ ಮ್ಯಾಡಮ್ ಖಾನಾವಳಿಗೆ ಬಂದರು. ಸುಹಾಸನ ಫ್ರಿಜ್ಜು ಸರಿಯಾಗಿತ್ತು. ಬಿಲ್ಲು, ಡಬ್ಬಿಯ ನಂಬರು ಎಲ್ಲ ಕಂಪನಿಯ ದಾಖಲೆಗೆ ತಾಳೆಯಾಗಿದ್ದವು. ಅದೇ ಪೆಟ್ಟಿಗೆಯ ಇಂಜೆಕ್ಷನ್ ತೆಗೆದುಕೊಂಡ ಇನ್ನೂ ನಾಲ್ಕು ಜನರ ರಕ್ತ ಪರೀಕ್ಷಿಸಿದ್ದರು. ನಾಲ್ವರಲ್ಲೂ ಔಷಧಿ ತನ್ನ ಕೆಲಸ ಮಾಡಿತ್ತು.

“ಅಂಗಡಿಯಿಂದ ಖರೇ ಮಾಲು ಬಂದದ,” ಎಂದರು ಮ್ಯಾಡಮ್. “ಬಂದ ಕೂಡಲೆ ಸೂಜಿ ಚುಚ್ಚಿದ್ರೇನು?”

ಇಲ್ಲ. ಆಯಿ ಸೋಮವಾರ ಬಿಟ್ಟು ಬೇರೆ ದಿನ ಸೂಜಿ ಹಾಕಿಸಿಕೊಳ್ಳುತ್ತಿರಲಿಲ್ಲ. ಪೂಜೆ ಮುಗಿಯಬೇಕು. ಅಮಾವಾಸ್ಯೆ ಕಳೆದಿರಬೇಕು. ಮಂಗಳವಾರವಂತೂ ಮೈಗೆ ಕಬ್ಬಿಣ ತಾಗಿಸಬಾರದು. ಹೀಗಾಗಿ ಡಬ್ಬಿ ಮೂರು ನಾಲ್ಕು ದಿನ ಖಾನಾವಳಿಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಕೂತಿರುತ್ತಿತ್ತು.

“ಫ್ರಿಜ್ಜು ಯಾರ್ ಯಾರು ತಗೀತಾರ?”

“ಎಲ್ಲಾರೂ ತಗೀತಾರ್ರಿ. ಭಾಳ ಸಲ ನಾನ ತಗೀತೀನ್ರಿ.”

ಮ್ಯಾಡಮ್ ಫ್ರಿಜ್ಜಿನ ಬಾಗಿಲು ತೆಗೆದು ನೋಡಿ ಮುಚ್ಚಿದರು.

“ಮೊದಲು ನೂಕಿದಾಕಿ ಅಂದ್ವಿ. ಈಗ ಔಷಧಿ ಕದ್ದಾಕಿ ಅಂತಾರ. ನಿನ್ನ ಹಣಿಬಾರ ನೆಟ್ಟಗಿಲ್ಲ ತಂಗಿ. ನಾಳೆ ಸಂಜಿ ತನಕ ನೋಡ್ತೀನಿ. ಆಮ್ಯಾಲ ನನ್ನ ಕೈಯಾಗ ಇರೂದಿಲ್ಲ.”

ಶಿವಪ್ರಕಾಶಣ್ಣನ ಮೇಲೂ ಅವರಿಗೆ ಸಂಶಯವಿತ್ತು. ಖಾನಾವಳಿ ಮುಚ್ಚಿ ಜಾಗ ಬಾಡಿಗೆಗೆ ಕೊಡೋಣ ಎಂದು ಅವನು ತಾಯಿಯ ಬೆನ್ನು ಬಿದ್ದಿದ್ದ. ಆದರೆ ಕೊನೆಯ ಇಂಜೆಕ್ಷನ್ ಬಂದ ವಾರ ಅವನನ್ನು ಕಾರ್ಖಾನೆಯವರು ನಾಸಿಕಕ್ಕೆ ಕಳಿಸಿದ್ದರು.

* * *

ಅವತ್ತು ಮಧ್ಯಾಹ್ನ ನೂರಾ ಇಪ್ಪತ್ತು ರೊಟ್ಟಿ ಬಡಿದೆ. ಎದುರಿನ ಮಣೆ ಖಾಲಿ. ಆ ಮಣೆಯನ್ನೇ ನೋಡುತ್ತ ಬಡಿದೆ.

ಆ ಮಣೆ ಹೀಗೆ ಮುಂಚೆಯೂ ಖಾಲಿ ಬಿದ್ದದ್ದಿದೆ. ಇಂಜೆಕ್ಷನ್ ಆದ ಮೇಲೆ ವಾರ, ಹತ್ತು ದಿನ ಆಯಿಗೆ ಬಡಿಯಲು ಆಗುತ್ತಿರಲಿಲ್ಲ. ತುಟಿಯ ಸುತ್ತ ಜುಂ ಅನ್ನುತ್ತಿತ್ತು. ಬೆರಳು ಸೆಟೆದುಕೊಳ್ಳುತ್ತಿದ್ದವು. ಗುಳಿಗೆ ಕೊಟ್ಟರೆ ದೊಡ್ಡದು ಎಂದು ಉಗುಳುತ್ತಿದ್ದಳು. ಅದರ ಬದಲು ಎಲೆಗೆ ಸುಣ್ಣ ಜಾಸ್ತಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಸುಣ್ಣ ತಿಂದರೆ ಜುಂ ನಿಲ್ಲುತ್ತದೆ ಎಂದು ಅವಳ ಅವ್ವ ಹೇಳಿದ್ದಳಂತೆ. ಬಾಯಿ ಸುಟ್ಟುಕೊಂಡಳು ಎಂದು ನಾನೂ ವೈನಿಯೂ ನಗುತ್ತಿದ್ದೆವು.

ಸುಣ್ಣ ಎಂದರೆ ಕ್ಯಾಲ್ಸಿಯಮ್ಮೇ ಎಂದು ಮಧುಕರ್ ಸರ್ ಮೊನ್ನೆ ಮಾತಿನ ನಡುವೆ ಅಂದಿದ್ದರು.

ಕೈ ನಿಂತಿತು. ಆರನೆಯ ಇಂಜೆಕ್ಷನ್ ಆದ ಮರುವಾರ ಆಯಿ ನನ್ನೆದುರು ಕೂತು ಬಡಿದಿದ್ದಳು. ಏಳನೆಯದಾದ ಮೇಲೆಯೂ ಬಡಿದಿದ್ದಳು. ಈ ಸಲ ಮೈಗೆ ಹಿಡಿಸಿತು ನೋಡು, ಜುಂ ಇಲ್ಲ, ಪಂ ಇಲ್ಲ ಎಂದು ಹಿಗ್ಗಿದ್ದಳು. ಎಲುಬು ತಿನ್ನುವುದು ನಿಂತು ರಕ್ತದ ಕ್ಯಾಲ್ಸಿಯಂ ಇಳಿದರೆ ತಾನೇ ಜುಂ ಅನ್ನಬೇಕು.

ಹಾಗಾದರೆ ಐದು ಖರೆ. ಎರಡು ಸುಳ್ಳು.

ಒಲೆಯ ಮೇಲಿನ ರೊಟ್ಟಿ ಕರಕಾಯಿತು. ನನಗೆ ಇನ್ನೊಂದು ನೆನಪು ಬರುತ್ತಿತ್ತು. ಬರಬಾರದು ಎಂದು ತಡೆದೆ. ತಡೆದಷ್ಟೂ ಅದು ಮುಂದೆ ಬಂತು. ಎರಡು ತಿಂಗಳ ಹಿಂದೆ ಅಂಗಡಿಗೆ ಹೊರಟಾಗ ವೈನಿ ಕೂಗಿ ಹೇಳಿದ್ದಳು, ಸುಣ್ಣದ ಡಬ್ಬಿ ಎರಡು ತಾ, ಒಂದು ನಮ್ಮವ್ವಗ ಅಂತ.

ವೈನಿಯ ಅವ್ವ ಭೋಸರಿಯಲ್ಲಿರುತ್ತಾಳೆ. ಹಬ್ಬಕ್ಕೆ ಬಂದಾಗ ನೋಡಿದ್ದೇನೆ. ಆಯಿಯ ಕೆಂಪು ಬಾಯಿ ಕಂಡರೆ ಮುಖ ತಿರುಗಿಸುವವಳು. ಜನ್ಮದಲ್ಲಿ ಎಲೆ ಅಡಿಕೆ ಮುಟ್ಟಿಲ್ಲ ಎಂದು ಎಲ್ಲರೆದುರು ಹೇಳಿದ್ದಳು.

ಎಲೆ ತಿನ್ನದವಳಿಗೆ ಸುಣ್ಣ ಯಾಕೆ ಬೇಕು?

ವೈನಿ ನನಗೆ ಮೊಬೈಲಿನಲ್ಲಿ ಟೈಪ್ ಮಾಡುವುದು ಕಲಿಸಿದವಳು. ಜ್ವರ ಬಂದಾಗ ರಾತ್ರಿ ಪಕ್ಕದಲ್ಲಿ ಕೂತವಳು. ಆಯಿಗೆ ಪ್ರತಿ ಸಲ ಸೂಜಿ ಹಾಕುತ್ತಿದ್ದವಳೂ ಅವಳೇ.

ತೊಟ್ಟಿಯ ಕೆಳಗೆ ಕೈ ಹಾಕಿದೆ. ಮುಗಿದ ಸೂಜಿ ಹಾಕಿಡುವ ಹಳೆಯ ಹಾಲಿನಪುಡಿಯ ಡಬ್ಬಿ ಅಲ್ಲೇ ಇತ್ತು.

* * *

ಫೋನ್ ಮಾಡಿ ಕರೆದ ಮೇಲೆ ನೀತಾ ಮ್ಯಾಡಮ್ ಬಂದು ಖಾನಾವಳಿಯ ಮೇಜಿನ ಮೇಲೆ ಪೇಪರು ಹಾಸಿದರು. ನಾನು ಡಬ್ಬಿ ಬೋರಲು ಹಾಕಿದೆ. ಏಳು ಸಿರಿಂಜು ಉರುಳಿದವು.

“ಇಷ್ಟು ವರ್ಷ ಯಾಕ ಒಗದಿಲ್ಲ?”

“ಕಸದ ಘಂಟಾಗಾಡಿಯವರು ಸೂಜಿ ತಗೊಳ್ಳೂದಿಲ್ರಿ. ಹಸಿ ಕಸಕ್ಕೂ ಬ್ಯಾಡ, ಒಣ ಕಸಕ್ಕೂ ಬ್ಯಾಡ ಅಂತ ಬೈತಾರ. ಎಲ್ಲಿ ಒಗೀಬೇಕು ತಿಳೀಲಿಲ್ಲ.”

ಮ್ಯಾಡಮ್ ಮೊದಲ ಸಲ ನಿಜವಾಗಿ ನಕ್ಕರು. ಬಗ್ಗಿ ನೋಡಿದ ಮೇಲೆ ನಗು ನಿಂತಿತು. ಐದು ಸಿರಿಂಜು ಗಾಜಿನವು. ಔಷಧಿ ತುಂಬಿಯೇ ಬರುವಂಥವು. ಮೈಮೇಲೆ ಸಣ್ಣ ಅಕ್ಷರದ ಚೀಟಿ. ಉಳಿದೆರಡು ಪ್ಲಾಸ್ಟಿಕ್ಕಿನವು. ಯಾವ ದವಾಖಾನೆಯಲ್ಲೂ ಸಿಗುವ ಸಾದಾ ಸಿರಿಂಜು.

“ಡಬ್ಬಿ ಏಳು ಬಂದಾವ. ಗಾಜು ಐದ ಅವ. ಎರಡು ಎಲ್ಲಿ ಹೋದವು?”

ನಾನು ಖಾಲಿ ಡಬ್ಬಿಯ ಮುಚ್ಚಳ ಹಾಕಿದೆ.

“ನಿನಗ ಗೊತ್ತದ.”

“ಗೊತ್ತಿಲ್ರಿ. ಭೋಸರಿಗೆ ಹೋದ್ರ ಗೊತ್ತಾಗ್ತದ. ಗೊತ್ತಾಗಬಾರದು ಅನಸ್ತದ್ರಿ.”

ಮ್ಯಾಡಮ್ ಹೋಗಿ ಯೂನಿಫಾರ್ಮ್ ಬದಲಿಸಿ, ಸೀರೆ ಉಟ್ಟು ಜೀಪು ತಂದರು. ಹೊರಡುವ ಮುಂಚೆ ನಾನು ನಾಲ್ಕು ರೊಟ್ಟಿ ಕಟ್ಟಿಕೊಂಡೆ. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ.

* * *

ವರ್ಕ್‌ಶಾಪುಗಳ ಹಿಂದಿನ ಸಾಲಿನಲ್ಲಿ ಒಂದೇ ಖೋಲಿ. ಲೇಥಿನ ಸಪ್ಪಳಕ್ಕೆ ಗೋಡೆ ಸಣ್ಣಗೆ ಅದುರುತ್ತಿತ್ತು. ಬೆನ್ನು ಬಾಗಿದ ಮುದುಕಿ ನನ್ನನ್ನು ಗುರುತಿಸಿ, ಬಾ ಮಗಳೆ ಎಂದಳು. ಸೀರೆ ಉಟ್ಟ ನೀತಾ ಮ್ಯಾಡಮ್ ಅವರನ್ನು ದವಾಖಾನೆಯ ಕಡೆಯವರು ಎಂದುಕೊಂಡಳು. ನಾವೂ ಅಲ್ಲ ಅನ್ನಲಿಲ್ಲ.

ಕಿಟಕಿಯಲ್ಲಿ ಸುಣ್ಣದ ಡಬ್ಬಿ ಇತ್ತು. ಅರ್ಧ ಖಾಲಿ. ಮನೆಯಲ್ಲಿ ಎಲೆ ಇರಲಿಲ್ಲ, ಅಡಿಕೆ ಇರಲಿಲ್ಲ.

“ಸುಣ್ಣ ಯಾತಕ್ಕವಾ?” ಮ್ಯಾಡಮ್ ಮೆತ್ತಗೆ ಕೇಳಿದರು.

“ಸೂಜಿ ಹಾಕಿಸಿಕೊಂಡ ಮ್ಯಾಲ ತುಟಿ ಜುಂ ಅಂತಿತ್ರಿ. ಕೈ ಬಳ್ಳು ಸೆಟೀತಿದ್ದವು. ಮಜ್ಜಿಗ್ಯಾಗ ಚಿಟಿಕಿ ಸುಣ್ಣ ಹಾಕ್ಕೊಂಡು ಕುಡಿ ಅಂದ್ಲು ನನ್ನ ಮಗಳು. ಈಗ ಕಮ್ಮಿ ಆಗ್ಯದ.”

“ಎಷ್ಟು ಸೂಜಿ ಆದವು?”

“ಎರಡರಿ. ಸರಕಾರದ್ದು, ಫುಕಟ್ ಕೊಡ್ತಾರಂತ. ಮಗಳ ಬಂದು ಹಾಕ್ತಾಳ.” ಅವಳು ಸ್ವಲ್ಪ ನೆಟ್ಟಗಾಗಿ ಕೂತು ತೋರಿಸಿದಳು. “ಹ್ವಾದ ವರ್ಷ ಹಾಸಿಗಿ ಹಿಡದಿದ್ದೆ. ಈಗ ನಳಕ್ಕ ಹೋಗಿ ನೀರ ತರ್ತೀನಿ.”

ಹಳೆಯ ಸೂಜಿ ಏನು ಮಾಡಿದೆ ಎಂದು ಕೇಳಿದಾಗ ಅವಳು ಬಿಸ್ಕೀಟಿನ ಡಬ್ಬಿ ತೆಗೆದಳು. ಇಲ್ಲಿಯೂ ಘಂಟಾಗಾಡಿಯವರು ತೆಗೆದುಕೊಳ್ಳುವುದಿಲ್ಲವಂತೆ. ಒಳಗೆ ಎರಡು ಗಾಜಿನ ಸಿರಿಂಜು. ಮ್ಯಾಡಮ್ ಅವುಗಳ ನಂಬರನ್ನು ತಮ್ಮ ಫೋನಿನಲ್ಲಿದ್ದ ಫೈಲಿನ ಚಿತ್ರಕ್ಕೆ ಹೋಲಿಸಿದರು. ಆರನೆಯ ಚೀಟಿ. ಏಳನೆಯ ಚೀಟಿ.

ಮುದುಕಿ ನನ್ನ ರೊಟ್ಟಿ ಬಿಚ್ಚಿ ನೋಡಿ, ಬೀಗತಿ ಹೆಂಗಿದಾಳವಾ ಎಂದು ಕೇಳಿದಳು. ನಾನು ಹೊರಗೆ ಬಂದು ಜೀಪಿಗೆ ಒರಗಿ ನಿಂತೆ.

* * *

ಆಸ್ಪತ್ರೆಯಲ್ಲಿ ಆಯಿಯ ಕೋಣೆ. ಬೆನ್ನಿಗೆ ಪಟ್ಟಿ ಬಿಗಿದು ಮಲಗಿಸಿದ್ದರು. ಶಿವಪ್ರಕಾಶಣ್ಣ ಕಿಟಕಿಯ ಬಳಿ, ವೈನಿ ಕಾಲ ಬಳಿ ಇದ್ದರು. ಮ್ಯಾಡಮ್ ಬಾಗಿಲು ಮುಚ್ಚಿ, ನೀನೇ ಹೇಳು ಎಂದು ನನಗೆ ಅಂದರು.

ನಾನು ಆಯಿಯ ಮುಖವನ್ನಷ್ಟೇ ನೋಡಿ ಹೇಳಿದೆ. ನೂಕಿದ್ದರೆ ರಕ್ತದಲ್ಲಿ ಎಲುಬಿನ ಚೂರು ಏರುತ್ತಿರಲಿಲ್ಲ. ಏರಿದೆ. ಅಂದರೆ ಔಷಧಿ ಹೋಗಿಲ್ಲ. ಅಂಗಡಿಯ ಮಾಲು ಖರೆ. ಅಂದರೆ ಬದಲಾದದ್ದು ಮನೆಯಲ್ಲಿ. ಮೊದಲ ಐದಕ್ಕೆ ತುಟಿ ಜುಂ ಅಂದಿತ್ತು, ಕೊನೆಯ ಎರಡಕ್ಕೆ ಅನ್ನಲಿಲ್ಲ. ಡಬ್ಬಿಯಲ್ಲಿ ಐದು ಗಾಜು, ಎರಡು ಪ್ಲಾಸ್ಟಿಕ್. ಫ್ರಿಜ್ಜು ಯಾರು ಬೇಕಾದರೂ ತೆಗೆಯಬಹುದಿತ್ತು. ಆದರೆ ಗಾಜಿನ ಬದಲು ಪ್ಲಾಸ್ಟಿಕ್ ಸಿರಿಂಜು ಬಂದರೆ ಸೂಜಿ ಹಾಕುವವಳಿಗೆ ಗೊತ್ತಾಗದೆ ಇರುವುದಿಲ್ಲ. ಗೊತ್ತಿದ್ದೂ ಹಾಕಿದಳು. ಇಲ್ಲಿ ಜುಂ ನಿಂತಾಗ ಭೋಸರಿಯಲ್ಲಿ ಶುರುವಾಗಿತ್ತು. ಎರಡನೆಯ ಸುಣ್ಣದ ಡಬ್ಬಿ ನಾನೇ ತಂದುಕೊಟ್ಟದ್ದು.

ಶಿವಪ್ರಕಾಶಣ್ಣ ಒಂದು ಹೆಜ್ಜೆ ಮುಂದೆ ಬಂದ. ಮ್ಯಾಡಮ್ ಅವನ ಎದೆಗೆ ಕೈ ಅಡ್ಡ ಹಿಡಿದರು.

ವೈನಿ ಅಳಲಿಲ್ಲ.

“ಬರೇ ಸಲೈನ್ ನೀರು ಹಾಕಿದೆ,” ಅಂದಳು. “ಸ್ಕ್ಯಾನ್ ಛಲೋ ಬಂದಿತ್ತು. ಅತ್ತಿ ಎಲುಬು ಗಟ್ಟಿ ಆಗ್ಯಾವ ಅಂದ್ರು ಡಾಕ್ಟರು. ನಮ್ಮವ್ವ ಹಾಸಿಗ್ಯಾಗ ಸಾಯ್ಲಿಕತ್ತಿದ್ಲು. ಗಟ್ಟಿ ಆದವರಿಗೆ ಎರಡು ತಪ್ಪಿದ್ರ ಏನಾಗ್ತದ ಅಂದ್ಕೊಂಡೆ. ಹಿಂಗ ತಿರುಗಿ ತಿಂತಾವ ಅಂತ ನನಗ ಗೊತ್ತಿದ್ದಿಲ್ರಿ. ದೇವರಾಣಿ ಗೊತ್ತಿದ್ದಿಲ್ಲ.”

“ಶೈಲಾನ್ನ ಚೌಕಿಗೆ ಕರದಾಗ ಗೊತ್ತಿತ್ತಲ್ಲ?” ಮ್ಯಾಡಮ್ ಕೇಳಿದರು.

ವೈನಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವತ್ತು ಬೆಳಿಗ್ಗೆ ಅವಳು ಫೋನಿನಲ್ಲಿ ವಿಳಾಸ ತಪ್ಪಾಗಿ ಹೇಳಿದ್ದು ನೆನಪಾಯಿತು. ಕಟ್ ಅಂದದ್ದು ಯಾಕೆ ಎಂದು ಅವಳಿಗೆ ಆಗಲೇ ಸಂಶಯ ಬಂದಿತ್ತು.

“ವೈನಿ, ನೀವು ಸುಮ್ನ ನಿಂತ್ರಿ,” ಅಂದೆ.

ಎಲ್ಲರೂ ಆಯಿಯ ಕಡೆ ನೋಡಿದೆವು. ಅವಳು ಮೇಲೆ ಫ್ಯಾನು ನೋಡುತ್ತಿದ್ದಳು.

“ಬೀಗತಿದು ಮುಂದಿನ ಸೂಜಿ ಯಾವಾಗದ?”

ನಾಲ್ಕು ತಿಂಗಳಿಗೆ ಎಂದೆ.

“ಅದು ತಪ್ಪಿದ್ರ ಆಕಿದೂ ನನ್ನಂಗ ಕಟ್ ಅಂತದೇನು?”

“ಹೌದು ಆಯಿ.”

ಕೇಳಿದ್ದರೆ ಅವ್ವ ಕೊಡುತ್ತಿದ್ದಳು, ಕದಿಯುವ ಗರಜು ಏನಿತ್ತು ಎಂದು ಶಿವಪ್ರಕಾಶಣ್ಣ ಹೆಂಡತಿಯ ಮೇಲೆ ಹರಿಹಾಯ್ದ. ಆಯಿ ಕೈಯೆತ್ತಿ ಅವನನ್ನು ತಡೆದಳು.

“ಸುಳ್ಳ ಹೇಳಬ್ಯಾಡ. ಕೇಳಿದ್ರ ನಾ ಕೊಡ್ತಿದ್ದಿಲ್ಲ. ಅದು ಆಕಿಗೆ ಗೊತ್ತಿತ್ತು.” ಉಸಿರು ತೆಗೆದುಕೊಂಡಳು. “ಸುಹಾಸಗ ಹೇಳು. ಇನ್ನ ಮ್ಯಾಲ ಎರಡು ತರಸ್ಲಿ. ಒಂದು ಭೋಸರಿಗೆ ಹೋಗ್ಲಿ.”

“ಕೇಸು?” ಎಂದರು ಮ್ಯಾಡಮ್.

“ಕೇಸು ನಡೀಲಿ. ಅದು ಬ್ಯಾರೆ, ಇದು ಬ್ಯಾರೆ. ಈ ಹುಡುಗಿ ಹೆಸರು ಮಾತ್ರ ಒರಸ್ರಿ. ನಾ ಮೊದಲ ದಿನಾನ ಹೇಳಿದ್ದೆ, ಯಾರೂ ಕೇಳಲಿಲ್ಲ.”

ನೀತಾ ಮ್ಯಾಡಮ್ ತಲೆ ತಗ್ಗಿಸಿ, ತಪ್ಪಾಯಿತು ಎಂದರು. ವೈನಿಯನ್ನು ಕರೆದುಕೊಂಡು ಹೋದರು. ಬಾಗಿಲಲ್ಲಿ ವೈನಿ ನನ್ನ ಕಡೆ ತಿರುಗಿದಳು. ನಾನು ಆಯಿಯ ನೀರಿನ ತಂಬಿಗೆ ತುಂಬಲು ಹೊರಟುಬಿಟ್ಟೆ.

* * *

ಡಾಕ್ಟರು ಇಂಜೆಕ್ಷನ್ ಮತ್ತೆ ಶುರು ಮಾಡಿ ಎಂದರು. ಸುಹಾಸ ಬರ್ಫದ ಪೊಟ್ಟಣದಲ್ಲಿ ಡಬ್ಬಿಯನ್ನು ತಾನೇ ಆಸ್ಪತ್ರೆಗೆ ತಂದು ನನ್ನ ಕೈಗೆ ಕೊಟ್ಟ. ಅವತ್ತು ಮಂಗಳವಾರ. ನಾನು ಡಬ್ಬಿ ಹಿಡಿದು ಆಯಿಯ ಮುಖ ನೋಡಿದೆ. ಅವಳು ಕ್ಯಾಲೆಂಡರ್ ನೋಡಿದಳು. ನನ್ನನ್ನು ನೋಡಿದಳು. ತೋಳು ಮುಂದೆ ಮಾಡಿದಳು.

ಗಾಜಿನ ಸಿರಿಂಜು. ನರ್ಸು ಅದನ್ನು ಹಾಕುವ ಮುಂಚೆ ನಂಬರನ್ನು ಎರಡು ಸಲ ಓದಿ ಚೀಟಿ ಅಂಟಿಸಿದೆ.

ಕ್ಯಾಂಟೀನಿನವರು ಮತ್ತೆ ಫೋನ್ ಮಾಡಿದ್ದರು. ಉತ್ತರ ಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ಮುಗಿಸಿ ಆಸ್ಪತ್ರೆಗೆ ಹೋಗುತ್ತಿದ್ದೆ. ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದೆ, ತುಟಿ ಜುಂ ಅಂತದೇನು ಎಂದು. ಆಯಿ ದಿನಾ ತಲೆ ಅಲ್ಲಾಡಿಸುತ್ತಿದ್ದಳು. ಇಲ್ಲ. ಇನ್ನೂ ಇಲ್ಲ. ಈ ಔಷಧಿಯೂ ಸುಳ್ಳೇ ಏನೋ ಎಂದು ನನಗೆ ಬಸ್ಸಿನಲ್ಲಿ ಕೂರಲಾಗುತ್ತಿರಲಿಲ್ಲ.

ಎಂಟನೆಯ ದಿನ ಹೋದಾಗ ಆಯಿ ಬೆರಳಿನಿಂದ ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡವಳೇ ಸಿಡುಕಿದಳು.

“ಎಲ್ಲಿ ಹಾಳಾಗಿ ಹೋಗಿದ್ದಿ? ಮುಂಜಾನಿಂದ ಜುಂ ಅನ್ಲಿಕತ್ತದ. ಸುಣ್ಣ ತಂದೀಯೇನು?”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸುಣ್ಣ ಬೇಡ, ಗುಳಿಗೆ ನುಂಗು ಎಂದು ಬೈದೆ.